ಬಾಯಿ ಮುಚ್ಚಿಸುವ ಗುಂಡಿ

ಸೋಂಕಿನ ಭಯಕ್ಕೆ ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ವರ್ಷ ಅದು. ಪಶುವೈದ್ಯರ ಸಂಘದ ವಾರ್ಷಿಕ ಸಮ್ಮೇಳನವನ್ನು ಆನ್‌ಲೈನಿನಲ್ಲಿ ನಡೆಸಲು ವೇದಿಕೆ ಕಟ್ಟಿಕೊಡುವ ಕೆಲಸ, ಅಕ್ಕ-ತಂಗಿಯರಿಬ್ಬರಲ್ಲಿ ತಂಗಿ ದುಡಿಯುತ್ತಿದ್ದ ಸಾಫ್ಟ್‌ವೇರ್ ಕಂಪನಿಗೆ ಬಂತು. ಅಧ್ಯಕ್ಷ ಯಾರೆಂದು ತಿಳಿದದ್ದೇ ತಡ, ಅವಳು "ಇದನ್ನ ನಾನೇ ಮಾಡ್ತೀನಿ" ಎಂದಳು.

ಆ ಮನುಷ್ಯನ ಮೇಲೆ ಅವಳು ಹಲ್ಲು ಕಡಿಯುತ್ತಿದ್ದುದು ಇಂದು ನಿನ್ನೆಯಿಂದಲ್ಲ. ಅವಳ ಅಕ್ಕ ಪಶುವೈದ್ಯೆ. ಕೊಟ್ಟಿಗೆಯ ಸಗಣಿಯಲ್ಲಿ ನಿಂತು ವರ್ಷಗಟ್ಟಲೆ ದುಡಿದು, ಹಸುಗಳ ಗೊರಸಿನ ಹುಣ್ಣಿಗೆ ಹೊಸ ಬಗೆಯ ಕಟ್ಟೊಂದನ್ನು ಕಂಡುಹಿಡಿದಿದ್ದಳು. ಗುರುಗಳೆಂದು ನಂಬಿ ಅವನಿಗೆ ಅದರ ಫೋಟೋಗಳನ್ನೆಲ್ಲ ಕಳಿಸಿದ್ದಳು. ಮುಂದಿನ ಸಮ್ಮೇಳನದಲ್ಲಿ ಅವನು ಅದನ್ನು ತನ್ನದೇ ಎಂದು ವಿವರಿಸಿದ. ಅಕ್ಕ ಎದ್ದು ನಿಂತು ಕೇಳಹೊರಟರೆ, "ಅಮ್ಮಾ, ಊಟಕ್ಕೆ ಹೊತ್ತಾಯ್ತು, ಕೂತ್ಕೋ" ಎಂದು ನಕ್ಕು, ಮೈಕ್ ಬಂದ್ ಮಾಡಲು ಕೈಸನ್ನೆ ಮಾಡಿದ. ಸಭೆಯೂ ನಕ್ಕಿತು. ಅಕ್ಕನ ಜೊತೆ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ ತಂಗಿಗೆ ಕಂಡದ್ದು ಅಕ್ಕನ ತುಟಿಗಳು ಮಾತ್ರ; ಅವು ಇನ್ನೂ ಅಲುಗುತ್ತಿದ್ದವು. ಅಂದಿನಿಂದ ಅಕ್ಕ ಯಾವ ಸಮ್ಮೇಳನಕ್ಕೂ ಕಾಲಿಡಲಿಲ್ಲ.

ವೇದಿಕೆಯ ಬಗ್ಗೆ ಅಧ್ಯಕ್ಷನಿಗಿದ್ದ ಬೇಡಿಕೆ ಎರಡೇ. ಮೊದಲ ಪುಟದಲ್ಲಿ ಅವನ ಫೋಟೋ ದೊಡ್ಡದಾಗಿರಬೇಕು. "ಮತ್ತೆ, ಪ್ರಶ್ನೆ ಕೇಳೋರ ಬಾಯಿ ಮುಚ್ಚಿಸೋ ಗುಂಡಿ ನನ್ನ ಕೈಲೇ ಇರ್ಬೇಕು."

"ಆಯ್ತು ಸರ್, ಕೊಡ್ತೀನಿ."

ಗುಂಡಿಯನ್ನು ಕೊಟ್ಟಳು, ಕೆಂಪು ಬಣ್ಣದಲ್ಲಿ. ಆದರೆ ಅದನ್ನು ಒತ್ತಿದರೆ ಧ್ವನಿ ಮಾತ್ರ ನಿಲ್ಲುತ್ತಿತ್ತು. ಕೇಳಿದವರ ಮುಖ, ತಾನಾಗಿ ಅಕ್ಷರಕ್ಕಿಳಿದ ಅವರ ಪ್ರಶ್ನೆ, ಅದರ ಕೆಳಗೆ 'ಅಧ್ಯಕ್ಷರು ತಡೆದಿದ್ದಾರೆ' ಎಂಬ ಸಾಲು, ಇಷ್ಟೂ ಉತ್ತರ ಸಿಗುವವರೆಗೆ ಎಲ್ಲರ ಪರದೆಯ ಮೇಲೆ ಉಳಿಯುತ್ತಿದ್ದವು. ಕದ್ದು ಮುಚ್ಚಿ ಮಾಡಲಿಲ್ಲ. ಪರೀಕ್ಷೆಯ ದಿನ ಅವನಿಗೇ ಒತ್ತಿ ತೋರಿಸಿದಳು. ಅವನು ಫೋನಿನಲ್ಲಿ ಯಾರನ್ನೋ ಬೈಯುತ್ತಾ "ಹೂಂ, ಹೂಂ, ಚೆನ್ನಾಗಿದೆ" ಎಂದ.

ಸಮ್ಮೇಳನಕ್ಕೆ ಬಂದು ಪ್ರಶ್ನೆ ಕೇಳಲು ಅಕ್ಕನನ್ನು ಒಪ್ಪಿಸುವುದೇ ಕಷ್ಟವಾಯಿತು.

"ಸತ್ತ ಹಾವನ್ನ ಯಾಕೆ ಮತ್ತೆ ಬಡೀತೀಯೇ?"

"ಎಲ್ಲಿ ಸತ್ತಿದೆ? ಅಧ್ಯಕ್ಷ ಆಗಿ ಕೂತಿದೆ."

ಅಕ್ಕನಿಗೆ ನಗು ಬಂತು. ನಕ್ಕ ಮೇಲೆ ಒಪ್ಪಿಕೊಂಡಳು.

ಸಮ್ಮೇಳನದ ದಿನ ಅಧ್ಯಕ್ಷ ಎಂದಿನಂತೆ ಗೊರಸಿನ ಕಟ್ಟಿನ ಕಥೆಯನ್ನೇ ತೆಗೆದ. ಪರದೆಯ ತುಂಬ ಹಳೆಯ ಫೋಟೋ: ಹಸುವಿನ ಗೊರಸು, ಅದನ್ನು ಹಿಡಿದ ಕೈ, ಮಣಿಕಟ್ಟಿನ ಮೇಲೆ ಉದ್ದನೆಯ ಸುಟ್ಟ ಕಲೆ. ಅಕ್ಕನ ಸರದಿ ಬಂದಾಗ ಅವಳು ನೇರವಾಗಿ ಕೇಳಿದಳು.

"ಸರ್, ಆ ಫೋಟೋದಲ್ಲಿರೋ ಕೈ ಯಾರದು?"

ಗುಂಡಿ ಒತ್ತಿದ. ಧ್ವನಿ ನಿಂತಿತು. ಪ್ರಶ್ನೆ ದೊಡ್ಡ ಅಕ್ಷರಗಳಲ್ಲಿ ಮೂಡಿ ಅಲ್ಲೇ ನಿಂತಿತು. ಆಮೇಲೆ ನಡೆದದ್ದನ್ನು ತಂಗಿಯೂ ಊಹಿಸಿರಲಿಲ್ಲ. ಅಕ್ಕ ಅಂಗಿಯ ತೋಳು ಮೇಲಕ್ಕೆ ಮಡಚಿ, ಮಣಿಕಟ್ಟನ್ನು ಕ್ಯಾಮೆರಾದ ಮುಂದೆ ಹಿಡಿದಳು. ಅದೇ ಕಲೆ.

ಅವನು ಮತ್ತೆ ಒತ್ತಿದ, ಮತ್ತೆ ಮತ್ತೆ ಒತ್ತಿದ. ಅಷ್ಟರಲ್ಲಿ ಯಾರೋ ಅದೇ ಪ್ರಶ್ನೆ ಕೇಳಿದರು, ಇನ್ನೊಬ್ಬರು ಕೇಳಿದರು. ಹಿರಿಯ ವೈದ್ಯರೊಬ್ಬರು, "ಕೈ ಯಾರದು ಅಂತ ಹೇಳಿಬಿಡಿ ಸ್ವಾಮಿ, ಅದಕ್ಕೇನು ಪಂಚಾಂಗ ನೋಡ್ಬೇಕಾ?" ಎಂದರು. ಅಧ್ಯಕ್ಷ ಬೆವರೊರೆಸಿಕೊಂಡು "ನೆಟ್ ಸರಿ ಇಲ್ಲ" ಎಂದವನೇ ಮಾಯವಾದ.

ಸಂಜೆ ತಂಗಿಗೆ ಫೋನ್ ಮಾಡಿ ಕೂಗಾಡಿದ. "ಏನ್ ಮಾಡಿಟ್ಟಿದೀಯ ನೀನು? ಯಾರು ನೀನು?"

"ನೀವು ಹೇಳಿದ್ದನ್ನೇ ಮಾಡಿದ್ದು ಸರ್, ನಿಮಗೇ ತೋರಿಸಿದ್ದೆ. ಅಂದಹಾಗೆ ಆ ಕೈ ನಮ್ಮಕ್ಕಂದು."

ವಾರದೊಳಗೆ ಅವನು ಅಧ್ಯಕ್ಷಗಿರಿ ಬಿಟ್ಟ. ಬಿಡಿಸಿದರು ಎನ್ನುವುದೇ ಸರಿ. ಗೊರಸಿನ ಕಟ್ಟಿನ ಬಗ್ಗೆ ಮಾತಾಡಲು ಸಂಘದವರು ಅಕ್ಕನನ್ನು ಕರೆದರು. ತಂಗಿಯ ಕಂಪನಿಗೆ ಮಾತ್ರ ಆ ಸಂಘದ ಕೆಲಸ ಮತ್ತೆ ಸಿಗಲಿಲ್ಲ.

ಒಂದು ಭಾನುವಾರ ತಂಗಿ ಆ ಸಮ್ಮೇಳನದ ರೆಕಾರ್ಡಿಂಗ್ ಹಾಕಿದಳು. ಅವನು ಬೆವರೊರೆಸಿಕೊಳ್ಳುವಾಗ ಅಕ್ಕ, "ಸಾಕು, ನಿಲ್ಸೇ. ಪಾಪ ಅನ್ಸುತ್ತೆ" ಎಂದು ಎದ್ದು ಹೋದಳು.

ತಂಗಿಗೆ ಪಾಪ ಅನ್ನಿಸಲಿಲ್ಲ. ಹಿಂದಕ್ಕೆ ಸರಿಸಿ, ಮೊದಲಿನಿಂದ ನೋಡಿದಳು.