ಕಾಸಿಂಬಿಯ ಮೊದಲ ಸೇರು

“ಯಾರೂ ಕೈ ಹಿಡೀಬ್ಯಾಡ್ರಿ. ನಾನ ಕುಂದ್ರತೇನಿ,” ಎಂದಳು ಕಾಸಿಂಬಿ. ಎಂದವಳು ಜೋಳದ ರಾಶಿಯ ಮುಂದೆ ನಿಂತೇ ಇದ್ದಳು.

ಇಳಕಲ್ ಸಂತೆಯಲ್ಲಿ ಮೂವತ್ತು ವರ್ಷ ಮೊಣಕಾಲೂರಿ ಜೋಳ ಅಳೆದ ಹೆಂಗಸು. ಬಚ್ಚಲಲ್ಲಿ ಜಾರಿ ಬಿದ್ದು ಮೊಣಕಾಲಿನ ಚಿಪ್ಪು ಒಡೆದ ಮೇಲೆ ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದಳು. ಪಕ್ಕದಲ್ಲೇ ಮೆಣಸಿನಕಾಯಿ ಮಾರುವ ಬೋರವ್ವ ಅಷ್ಟು ದಿನವೂ ಇವಳ ಜೋಳ ಅಳೆದುಕೊಟ್ಟಿದ್ದಳು. ಇವತ್ತು ಕೂತು ಅಳೆಯಲಾಗದಿದ್ದರೆ ಇನ್ನು ಸಂತೆಯ ಮಾತೇ ಎತ್ತಬಾರದು ಎಂದು ಮಗ ಯಾಸೀನ ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿದ್ದ. ಹೇಳಿ ಸುಮ್ಮನಾಗದೆ ಬೆನ್ನ ಹಿಂದೆಯೇ ಬಂದು ನಿಂತಿದ್ದ.

ಬೇವೂರಿನ ವಿದ್ಯಾ ನೋಟ್‌ಬುಕ್ ಹಿಡಿದು ಆಗಲೇ ಹಾಜರು. ಬಾಗಲಕೋಟೆಯಲ್ಲಿ ಎಂ.ಎ. ಓದುವ ಈ ಹುಡುಗಿಗೆ ಒಂದೇ ಒಂದು ಶಬ್ದದ ಹುಚ್ಚು. ಇಲ್ಲಿ ಮೊದಲ ಸೇರಿಗೆ ‘ಒಂದು’ ಎನ್ನುವ ರೂಢಿಯಿಲ್ಲ. ಬೋರವ್ವ ‘ಲಾಭ’ ಎನ್ನುತ್ತಾಳೆ, ಕಾಸಿಂಬಿ ‘ಬರಕತ್’ ಎನ್ನುತ್ತಾಳೆ. ಎರಡನೆಯ ಸೇರಿನಿಂದ ‘ಎರಡು’, ‘ಮೂರು’ ಎಂದು ಎಣಿಕೆ.

“ಆಯಿ, ನಿಮ್ಮ ಬರಕತ್ತು ಅರಬ್ಬಿ ಮಾತರಿ,” ಎಂದಳು ವಿದ್ಯಾ. “ತುರ್ಕಿಯವರು ಸಮೃದ್ಧಿಗೆ ಹಂಗಂತಾರ. ಹೀಬ್ರೂದಾಗ ಅದರ ತಂಗಿ ಐತಿ, ಅದಕ್ಕ ಆಶೀರ್ವಾದ ಅಂತ ಅರ್ಥ. ಅರಬ್ಬಿಯೊಳಗ ಒಂಟೆ ಮೊಣಕಾಲೂರಿ ಕುಂದ್ರೂದಕ್ಕೂ ಅದ ಬೇರು.”

“ಕೇಳಿದಿ?” ಬೋರವ್ವ ನಕ್ಕಳು. “ಅಷ್ಟೆತ್ತರದ ಒಂಟೆನ ಕುಂದ್ರತೈತಿ. ನಿನಗೇನಾಗೇತಿ?”

“ಒಂಟೆ ಹಿಂದ ಅದರ ಮಗ ನಿಂತು ನೋಡ್ತಿರೂದಿಲ್ಲ.”

ಯಾಸೀನ ಕೆಮ್ಮಿ ಮುಖ ಅತ್ತ ತಿರುಗಿಸಿದ. ಕಾಸಿಂಬಿ ಮಾತಿಗೆ ಹಾಗೆಂದಳೇ ಹೊರತು ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮನೆಯೊಳಗೆ ಗೋಡೆ ನೋಡುತ್ತ ಕೂರುವುದು ಅವಳಿಂದ ಆಗದ ಮಾತು.

ಒಂದು ಕೈ ನೆಲಕ್ಕೂರಿದಳು. ಗಟ್ಟಿ ಕಾಲು ಇಳಿಯಿತು. ಒಡೆದದ್ದು ಅರ್ಧಕ್ಕೇ ನಿಂತಿತು. ಹಲ್ಲು ಕಚ್ಚಿ ಉಸಿರು ಬಿಟ್ಟಳು. ಅದೂ ಇಳಿಯಿತು.

ಕೊಳ್ಳಲು ಬಂದಿದ್ದ ಚಂದ್ರವ್ವ ಚೀಲ ಬಿಚ್ಚಿ, “ನಾಕ ಸೇರು ಹಾಕಬೇ,” ಎಂದಳು.

“ಬರಕತ್,” ಎಂದು ಕಾಸಿಂಬಿ ಮೊದಲ ಸೇರು ಸುರಿದಳು. ಕೂತ ಖುಷಿಯಲ್ಲಿ ಎಣಿಕೆಯೇ ಮರೆತಳು. ಎರಡನೆಯದಕ್ಕೂ ಬರಕತ್ ಎಂದಳು. ಮೂರಕ್ಕೂ ಅದೇ, ನಾಲ್ಕಕ್ಕೂ ಅದೇ. ಐದನೆಯದೂ ಬಿದ್ದಾಗ ಚಂದ್ರವ್ವ ಏನೋ ಹೇಳಹೊರಟಳು, ಬೋರವ್ವ ಕಣ್ಣಲ್ಲೇ ಸುಮ್ಮನಿರಿಸಿದಳು.

ಚೀಲ ತುಂಬಿ ವಾಲತೊಡಗಿತು. ಅದರ ಬಾಯಿ ಹಿಡಿಯಲು ಯಾಸೀನ ಅಮ್ಮನ ಎದುರಿಗೆ ತಾನೂ ಮೊಣಕಾಲೂರಿದ.