ಊರಿಗೆ ಹಂಚಿದ ಮಾತು

ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದು, ಗಂಡನ ಪಟದ ಮುಂದಿಡುವ ಅನ್ನದ ಬಟ್ಟಲಿನ ಮೇಲೆ ಕೂರಿಸುತ್ತಿದ್ದ ಲುವಾಳ ಕೈ ಅಲ್ಲಿಗೇ ನಿಂತಿತು. ಅಂಗಳದಲ್ಲಿ ಯಾರೋ ಗೋಳೋ ಎಂದು ಅಳುತ್ತಿದ್ದರು. ಯಾರೆಂದು ಎದ್ದು ನೋಡಬೇಕಾಗಿರಲಿಲ್ಲ. ಕಟ್ಟಿಕೊಂಡ ಹೆಂಡತಿಗಿಂತ ಜೋರಾಗಿ ಅಳುವ ಧೈರ್ಯ ಆ ಊರಿನಲ್ಲಿ ಒಬ್ಬಳಿಗೇ ಇತ್ತು.

“ಇನ್ನು ನಮಗೆ ಯಾರು ಹೇಳ್ಕೊಡ್ತಾರೆ? ಯಾರು ಹಂಗೆ ಬಿಡಿಸಿ ಬಿಡಿಸಿ ಹೇಳ್ತಾರೆ?”

“ಬಂದ್ಳು ಪಟ್ಟದರಸಿ,” ಎಂದಳು ಲುವಾ, ಮೊಟ್ಟೆಯನ್ನು ಅನ್ನಕ್ಕೆ ಒತ್ತುತ್ತ.

ಮಗಳು ಕ್ವೆನ್ ತಾಯಿಯ ತೋಳು ಹಿಡಿದಳು. “ಅಮ್ಮಾ, ಮೆಲ್ಲಗೆ. ಜನ ಇದ್ದಾರೆ.”

“ಇರ್ಲಿ. ಜನಕ್ಕೆ ಗೊತ್ತಿಲ್ಲದ್ದೇನು? ಮೂವತ್ತು ವರ್ಷ ಈ ಮನೇಲಿ ಉಂಡ ಮನುಷ್ಯನಿಗೆ ಪ್ರಾಣ ಬಿಡೋಕೆ ಅವಳ ಅಂಗಡೀನೇ ಬೇಕಾಯ್ತಾ?”

ಬೇಕಾಗಿತ್ತೋ ಇಲ್ಲವೋ, ಆದದ್ದು ಹಾಗೆಯೇ. ಮೊನ್ನೆ ಬೆಳಗ್ಗೆ ಗಂಡ ಕಿಯೆಟ್ ಎಂದಿನಂತೆ ಊರ ಮೈಕಿನಲ್ಲಿ ಸುದ್ದಿ ಓದಿ, ಎಂದಿನಂತೆ ಹುಯೆಯ ಕಾಫಿ ಅಂಗಡಿಗೆ ಹೋಗಿ, ಎಂದಿನಂತೆ ಲೋಟ ಹಿಡಿದು ಮಾತಾಡುತ್ತಿದ್ದವನು ಕುರ್ಚಿಯಲ್ಲೇ ಒರಗಿಬಿಟ್ಟಿದ್ದ. ನಾಲ್ಕು ಜನ ಅವನನ್ನು ದೋಣಿಯಲ್ಲಿ ಮನೆಗೆ ತಂದರು. ಲುವಾಳ ಕೈಗೆ ಸಿಕ್ಕಿದ್ದು ಮೈ ಮಾತ್ರ. ಕೊನೆಯ ಮಾತೂ ಹುಯೆಯ ಪಾಲಿಗೇ ಹೋಗಿತ್ತು, ಅದನ್ನು ನೆನೆದಾಗಲೆಲ್ಲ ಲುವಾಳಿಗೆ ದುಃಖಕ್ಕಿಂತ ಮೊದಲು ಹೊಟ್ಟೆಕಿಚ್ಚು ಏಳುತ್ತಿತ್ತು.

ಹೊರಗೆ ಯಾರೋ ಹುಯೆಗೆ ಚಹಾ ಕೊಟ್ಟರು. ಯಾರೋ ಸರಿದು, ಶವಪೆಟ್ಟಿಗೆಯ ಹತ್ತಿರವೇ ಜಾಗ ಮಾಡಿಕೊಟ್ಟರು. ಲುವಾ ಕಿಟಕಿಯಿಂದ ಎಲ್ಲವನ್ನೂ ನೋಡಿದಳು.

* * *

ಕಿಯೆಟ್‌ನ ದನಿಯನ್ನು ಲುವಾ ಮದುವೆಗೆ ಮೊದಲೇ ಮೆಚ್ಚಿದ್ದಳು. ಮೆಕಾಂಗ್ ನದಿ ಸಮುದ್ರ ಸೇರುವ ಆ ಸೀಮೆಯಲ್ಲಿ, ಕಾಲುವೆಯುದ್ದಕ್ಕೂ ಕಂಬಗಳಿಗೆ ಕಟ್ಟಿದ ಮೈಕುಗಳಿಂದ ಬೆಳಗೂ ಬೈಗೂ ಅವನ ದನಿಯೇ ಬರುತ್ತಿತ್ತು. ಲಸಿಕೆ ಯಾವತ್ತು, ತೂಬು ತೆರೆಯುವುದು ಯಾವತ್ತು, ಗಾಳಿ ಯಾವ ಕಡೆಯಿಂದ ಎಂದು ಊರಿಗೆ ತಿಳಿಯುತ್ತಿದ್ದುದು ಆ ದನಿಯಿಂದ. ಇನ್ನು ಅದು ತನ್ನ ಮನೆಯಲ್ಲೇ ಇರುತ್ತದೆ ಎಂದು ಹಿಗ್ಗಿ ಅವಳು ಮದುವೆಯಾದಳು. ಮನೆಗೆ ಬಂದದ್ದು ದನಿಯಲ್ಲ, ದನಿ ಖಾಲಿಯಾದ ಮನುಷ್ಯ.

ಆಮೇಲೆ ಉಪ್ಪಿನ ವರ್ಷಗಳು ಬಂದವು. ಬೇಸಿಗೆಯಲ್ಲಿ ಸಮುದ್ರದ ನೀರು ಕಾಲುವೆಯೊಳಗೆ ಏರಿ ಗದ್ದೆ ಸೇರತೊಡಗಿತು. ಲೀಟರಿಗೆ ಇಷ್ಟು ಗ್ರಾಂ ಉಪ್ಪು ಎಂದು ಕಿಯೆಟ್ ಮೈಕಿನಲ್ಲಿ ಓದಿದರೆ ಜನ ಆಕಳಿಸಿ ಎದ್ದು ಹೋಗುತ್ತಿದ್ದರು. ಅವನಿಗೆ ಅದನ್ನು ತಡೆಯಲಾಗಲಿಲ್ಲ. ಓದಿದ್ದು ತಲುಪದಿದ್ದರೆ ಓದಿಯೇನು ಫಲ ಎಂದು ಮನೆಮನೆ ತಿರುಗಿದ. ಕಲ್ಲಿದ್ದಲಿನ ಹೊಗೆ ಎಲ್ಲಿಗೆ ಹೋಗುತ್ತದೆ, ಸಮುದ್ರ ಯಾಕೆ ಉಬ್ಬುತ್ತದೆ, ಡೀಸೆಲ್ ಬಿಟ್ಟು ಬಿಸಿಲಿನಿಂದ ಪಂಪು ತಿರುಗುವುದು ಹೇಗೆ ಎಂದು ಹೇಳಿದ. ತಿರುಗಿ ತಿರುಗಿ ಸಾಕಾಗಿ, ಕೊನೆಗೆ ಆ ಪಾಠಶಾಲೆ ಹುಯೆಯ ಅಂಗಡಿಯಲ್ಲಿ ನೆಲೆಯೂರಿತು. ಹುಯೆ ಗಂಡ ಸತ್ತವಳು, ಮಕ್ಕಳಿಲ್ಲದವಳು, ನಕ್ಕರೆ ಕಾಲುವೆಯ ಆಚೆ ದಡಕ್ಕೂ ಕೇಳುತ್ತಿತ್ತು.

“ನೀರು ಯಾಕೆ ಇಷ್ಟು ಉಪ್ಪಾಗ್ತಿದೆ? ನನಗೂ ಒಂದ್ಸಲ ಹೇಳಿ,” ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಲುವಾ ಕೇಳಿದ್ದಳು.

ಅವನು ಬಟ್ಟಲಿನಿಂದ ತಲೆ ಎತ್ತಲಿಲ್ಲ. “ನಿನಗೇನು ಹೇಳೋದು? ಎಲ್ಲ ನಿನಗೆ ಗೊತ್ತಿರೋದೇ.”

ಊರಿಗೆ ಉಪಕಾರಿ, ಮನೆಗೆ ಮಾರಿ. ದಡ್ಡಿಗೆ ಹೇಳಿ ಪ್ರಯೋಜನವಿಲ್ಲ ಅನ್ನುವುದನ್ನು ಇಷ್ಟು ನಯವಾಗಿ ಹೇಳಿದನಲ್ಲ ಎಂದು ಅವಳು ಕುದಿದಳು. ಒಂದು ದಿನ ತಡೆಯಲಾರದೆ ಅಂಗಡಿಯ ಹಿಂದೆ ಗರಿಯ ತಟ್ಟಿಯ ಮರೆಯಲ್ಲಿ ನಿಂತಳು. ಮಾತು ಕೇಳಿಸಲಿಲ್ಲ. ಖಾಲಿ ಲೋಟವೊಂದನ್ನು ಬೋರಲು ಹಾಕಿ, ಚಮಚ ಎತ್ತಿ ಹಿಡಿದು, ಕಣ್ಣರಳಿಸಿ ಮಾತಾಡುತ್ತಿದ್ದ ಗಂಡ ಕಂಡ. ಅಂಥ ಮುಖ ಮನೆಯಲ್ಲಿ ಅವಳು ಕಂಡಿರಲಿಲ್ಲ. ಹುಯೆ ಬಗ್ಗಿ ಅವನ ಲೋಟಕ್ಕೆ ಕಾಫಿ ಸುರಿಯುತ್ತ, “ಆಮೇಲೆ?” ಎಂದಳು. ಅದೊಂದು ಕೇಳಿಸಿತು.

ಆ ಸಂಜೆ ಲುವಾ ಮೀನಿನ ಸಾರಿಗೆ ಬೇಕೆಂದೇ ಉಪ್ಪು ಸುರಿದಳು. ಅವನು ತುಟಿ ಪಿಟಕ್ಕೆನ್ನದೆ ಉಂಡು, ಚೊಂಬುಗಟ್ಟಲೆ ನೀರು ಕುಡಿದು ಮಲಗಿದ.

* * *

ಡೋಲಿನವರೂ ತುತ್ತೂರಿಯವರೂ ಊಟಕ್ಕೆ ಎದ್ದದ್ದರಿಂದ ಚಪ್ಪರದಡಿ ಮಾತು ಶುರುವಾಗಿತ್ತು. ಸಾವಿನ ಮನೆಯಲ್ಲಿ ಕಲ್ಲಂಗಡಿ ಬೀಜ ಕಡಿಯುತ್ತ ಕೂತವರಿಗೆ ಮಾತಿಗೇನು ಬರ. ಲುವಾ ಚಹಾದ ಕೆಟಲು ಹಿಡಿದು ಹೊರಗೆ ಬಂದಳು.

ಬಾತುಕೋಳಿ ಸಾಕುವ ರೋತ್ ಹೇಳುತ್ತಿದ್ದ: “ಬಿಸಿಲಿನ ಪಂಪಿಗೆ ಆ ಕರೀ ಹಲಗೆ ಹಾಕ್ಬೇಡಿ ಅಂತ ಎಲ್ಲರಿಗಿಂತ ಮುಂಚೆ ಜಗಳ ತೆಗೆದವ್ನು ನಾನೇ. ಬಿಸಿಲೆಲ್ಲ ಅದೇ ಹೀರ್ಕೊಂಡ್ರೆ ನೀರು ತಣ್ಣಗಾಗಿ ನನ್ನ ಬಾತುಗಳು ಮೊಟ್ಟೆ ಇಡಲ್ಲ ಅಂದೆ. ಕಿಯೆಟ್ ಮಾಮ ನಗ್ಲಿಲ್ಲ. ‘ನೋಡು ರೋತ್, ನನ್ನ ಹೆಂಡ್ತಿ ಅಂಗಳ ತುಂಬ ಮೀನು ಒಣಹಾಕ್ತಾಳೆ. ಅದರಿಂದ ಸೂರ್ಯ ಏನಾದ್ರೂ ಸವೆದಿದ್ದಾನಾ? ಬೇಸಿಗೇಲಿ ಒಣಗಿಸಿ ಜಾಡೀಲಿ ತುಂಬಿದ್ದನ್ನ ಮಳೇಲಿ ತಿಂತೀವಿ. ಬ್ಯಾಟರಿ ಅಂದ್ರೂ ಅಷ್ಟೇ, ಬಿಸಿಲಿನ ಜಾಡಿ’ ಅಂದ್ರು. ಆಮೇಲೆ ಹಲಗೆ ಹೊರೋಕೂ ನಾನೇ ಮುಂದೆ ನಿಂತೆ.”

ಲುವಾ ಚಹಾ ಸುರಿಯುವುದನ್ನು ಮರೆತಳು.

“ಚಾಪೆ ಕತೆ ಹೇಳೋ,” ಎಂದರು ಯಾರೋ. ಅಲ್ಲಲ್ಲಿ ಕಿಸಕ್ಕನೆ ನಗು.

ರೋತ್ ಅವಳನ್ನು ನೋಡಿ ತಲೆ ಕೆರೆದುಕೊಂಡ. “ಬೇಡ್ರಪ್ಪ, ಅತ್ತೆ ಇಲ್ಲೇ ಇದ್ದಾರೆ.”

“ಯಾವ ಚಾಪೆ?” ಎಂದಳು ಲುವಾ.

“ಅದೇ ಅತ್ತೆ… ಸಮುದ್ರ ಯಾಕೆ ಒಳಗೆ ಬರ್ತದೆ ಅಂತ ಕೇಳಿದ್ವಿ. ‘ನದಿ ನಾನು, ಸಮುದ್ರ ನನ್ನ ಹೆಂಡ್ತಿ. ನನಗೆ ಬಲ ಇದ್ದಾಗ ಇಬ್ಬರೂ ಚಾಪೇಲಿ ಅರ್ಧರ್ಧ. ಜ್ವರ ಬಂದು ನಾನು ಸೊರಗಿದ್ರೆ ಅವಳು ಉರುಳಿ ಉರುಳಿ ನನ್ನನ್ನ ನೆಲಕ್ಕೆ ತಳ್ತಾಳೆ. ಮೇಲಿಂದ ನೀರು ಕಮ್ಮಿಯಾಗಿ ನದಿ ಸೊರಗ್ತು, ಸಮುದ್ರ ಉಬ್ಬಿ ದಪ್ಪ ಆಯ್ತು. ಇನ್ನೇನಾಗ್ತದೆ?’ ಅಂದ್ರು.”

ಚಪ್ಪರವೆಲ್ಲ ನಕ್ಕಿತು. ಲುವಾಳ ಮುಖ ಕೆಂಡವಾಯಿತು. ತಾನು ಮಲಗುವ ರೀತಿ ಇಡೀ ಊರಿಗೆ ಗೊತ್ತು! ಪಕ್ಕದ ಮನೆಯ ಅಜ್ಜಿ ಸಾಲದೆಂಬಂತೆ ಸೇರಿಸಿದಳು: “ನಂಗೆ ಭತ್ತದ್ದು ಹೇಳಿದ್ದ. ಗದ್ದೇಲಿ ನೀರಿದ್ರೂ ಭತ್ತ ಯಾಕೆ ಒಣಗ್ತು ಅಂದೆ. ‘ಒಂದಿನ ನನ್ನ ಹೆಂಡ್ತಿ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ಲು ಅಜ್ಜಿ, ಎಷ್ಟು ನೀರು ಕುಡಿದ್ರೂ ದಾಹ ಹೋಗ್ಲಿಲ್ಲ. ಭತ್ತಕ್ಕೂ ಅದೇ ಗತಿ, ನೀರಲ್ಲಿ ನಿಂತೇ ಬಾಯಾರಿ ಸಾಯ್ತದೆ’ ಅಂದ.”

ಲುವಾ ಕೆಟಲನ್ನು ಮೇಜಿಗೆ ಕುಕ್ಕಿದಳು. ಅವನಿಗೆ ಬುದ್ಧಿ ಬರಲೆಂದು ಸುರಿದ ಉಪ್ಪು ಅದು. ಅದನ್ನೂ ಹೊತ್ತುಕೊಂಡು ಹೋಗಿ ಹಂಚಿದ್ದ.

ಅಷ್ಟರಲ್ಲಿ ಕಿಯೆಟ್‌ನ ಅಣ್ಣ ದಾತ್ ಎದ್ದು ನಿಂತ. ಪೆಟ್ಟಿಗೆ ಎತ್ತುವ ಮೊದಲು ಮನೆಯ ಕಡೆಯಿಂದ ಯಾರಾದರೂ ನಾಲ್ಕು ಮಾತಾಡಬೇಕು. “ಯಾರು ಮಾತಾಡ್ತೀರಿ?”

“ಹುಯೆ ಅಕ್ಕನೇ ಮಾತಾಡ್ಲಿ,” ಎಂದ ರೋತ್. “ಮಾಮನ ಮಾತು ಪೂರ್ತಿ ಇರೋದು ಅವಳ ಹತ್ರ.” ಹೌದು ಹೌದು ಎಂದಿತು ಚಪ್ಪರ.

“ಭಾವ,” ಎಂದಳು ಲುವಾ, ಮೆಲ್ಲಗೆ. “ಅವಳು ಬಾಯಿ ತೆಗೆದ್ರೆ ನಾನು ಪೆಟ್ಟಿಗೆ ಎತ್ತೋಕೆ ಬಿಡಲ್ಲ.” ಆಮೇಲೆ ಹುಯೆಯ ಕಡೆ ತಿರುಗಿದಳು. “ನೀನು ಬಾ ಇಲ್ಲಿ.”

ಅಡುಗೆಮನೆಯ ಹಿಂದೆ ಮಳೆನೀರು ತುಂಬುವ ದೊಡ್ಡ ಬಾನಿಗಳ ನಡುವೆ ಇಬ್ಬರೂ ಎದುರುಬದುರಾದರು. ಹುಯೆಯ ಕಣ್ಣು ಊದಿತ್ತು, ಹಣೆಯಲ್ಲಿ ಸೂತಕದ ಬಿಳಿ ಪಟ್ಟಿ ಇರಲಿಲ್ಲ. ಅದು ಮನೆಯವರಿಗೆ ಮಾತ್ರ. ಅಷ್ಟಾದರೂ ತನಗೇ ಉಳಿಯಿತಲ್ಲ ಎಂದು ಲುವಾ ತನ್ನ ಹಣೆಯ ಪಟ್ಟಿ ಬಿಗಿ ಮಾಡಿಕೊಂಡಳು.

“ಅಕ್ಕ, ಬಯ್ಯೋದಿದ್ರೆ ಬಯ್ದುಬಿಡು.”

“ಕೊನೇಲಿ ಏನಂದ್ರು?”

ಹುಯೆ ನೆಲ ನೋಡಿದಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು.

“ನಿಂಗೆ ಹೊಟ್ಟೆ ಉರೀತದೆ. ನಂಗೇನು ಕಾಣಲ್ವಾ? ನನ್ನ ಹೊಟ್ಟೆ ಉರಿ ನಿಂಗೆ ಗೊತ್ತಾ? ಕುರ್ಚಿ ನಂದು, ಕಾಫಿ ನಂದು, ಲೋಟ ತೊಳೆಯೋಳು ನಾನು. ಬಾಯಿ ಬಿಟ್ರೆ ನನ್ನ ಹೆಂಡ್ತಿ, ನನ್ನ ಹೆಂಡ್ತಿ! ಹೊಗೆ ಹೆಂಗೆ ಭೂಮೀನ ಕಾಯಿಸ್ತದೆ ಅಂದ್ರೆ, ‘ನನ್ನ ಹೆಂಡ್ತಿ ಚಹಾ ಕೆಟಲನ್ನ ತೆಂಗಿನಸಿಪ್ಪೆ ಗೂಡಲ್ಲಿ ಇಡ್ತಾಳೆ. ಗೂಡು ತಾನಾಗಿ ಬಿಸಿ ಮಾಡಲ್ಲ, ಇದ್ದ ಬಿಸೀನ ಹೊರಗೆ ಬಿಡಲ್ಲ. ಹೊಗೇನೂ ಹಂಗೇ. ಬೆಳಗ್ಗೆ ಇಟ್ಟಿದ್ದು ಮಧ್ಯಾಹ್ನಕ್ಕೂ ನಾಲಿಗೆ ಸುಡ್ತದೆ’ ಅನ್ನೋರು. ನಿನ್ನ ಚಹಾ ಎಷ್ಟು ಹೊತ್ತು ಬಿಸಿಯಿರ್ತದೆ ಅಂತ ನಂಗೆ ಗೊತ್ತು ಅಕ್ಕ. ನನ್ನ ಕಾಫಿ ಬಿಸಿ ಇತ್ತಾ, ತಣ್ಣಗಿತ್ತಾ, ಒಂದು ದಿನಾನೂ ಹೇಳ್ಲಿಲ್ಲ ಆ ಮನುಷ್ಯ.”

ಲುವಾ ಬಾನಿಯ ಅಂಚು ಹಿಡಿದುಕೊಂಡಳು.

“ಕೊನೇದು ಬೇಕಾ? ಕೇಳು. ನಾನೇ ಕೇಳಿದ್ದು. ‘ಎಲ್ಲಾ ದೇಶದೋರೂ ಇವತ್ತೇ ಹೊಗೆ ನಿಲ್ಲಿಸಿಬಿಟ್ರೆ, ನಾಳೇನೇ ತಣ್ಣಗಾಗ್ತದಾ? ಸಮುದ್ರ ಹಿಂದಕ್ಕೆ ಹೋಗ್ತದಾ?’ ಅಂದೆ. ನಕ್ಕರು. ‘ನನ್ನ ಹೆಂಡ್ತಿ ಇದ್ದಾಳಲ್ಲ, ನಿನ್ನೆ ಸಂಜೆ ಅವಳು…’ ಅಂದ್ರು. ಅಷ್ಟೇ. ಲೋಟ ಬಿತ್ತು. ಸಾಯೋವಾಗ್ಲೂ ಜಾಗ ನಂದು, ಮಾತು ನಿಂದು.”

ಒಳಗಿನಿಂದ ಕ್ವೆನ್ ಕರೆದಳು. ಇಬ್ಬರೂ ಅಲ್ಲಾಡಲಿಲ್ಲ. ಅವನು ಇಷ್ಟು ದಿನ ಬಡಿಸಿದ್ದು ನನ್ನದೇ ಅಡುಗೆ, ಊರೆಲ್ಲ ಉಂಡಿತು, ನನಗೊಂದು ತುತ್ತು ಯಾಕೆ ಇಡಲಿಲ್ಲ ಎಂದುಕೊಂಡಳು ಲುವಾ. ಈಗ ಅವಳಿಗೆ ಹುಯೆಯ ಮೇಲೆ ಮಾತ್ರವಲ್ಲ, ರೋತ್‌ನ ಮೇಲೂ ಅಜ್ಜಿಯ ಮೇಲೂ ಹೊಟ್ಟೆಕಿಚ್ಚಾಯಿತು.

* * *

ಅವನು ಸಾಯುವ ಹಿಂದಿನ ಸಂಜೆ ಲುವಾ ಮಣ್ಣಿನ ಮಡಕೆಯಲ್ಲಿ ಮೀನು ಬತ್ತಿಸಿದ್ದಳು. ಒಲೆಯಿಂದ ಇಳಿಸಿ ಸಿಂಬಿಯ ಮೇಲೆ ಇಟ್ಟು, ಬಟ್ಟಲು ತೊಳೆದು ತಂದಳು. ಕಿಯೆಟ್ ಮಡಕೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಳಗೆ ಇಣುಕುತ್ತಿದ್ದ.

“ಇಳಿಸಿ ಎಷ್ಟು ಹೊತ್ತಾಯ್ತು?”

“ಯಾಕೆ, ಹಸಿವಾ?”

“ಇನ್ನೂ ಕುದೀತಾನೇ ಇದೆಯಲ್ಲ.”

“ಮಣ್ಣಿನ ಮಡಕೆ,” ಎಂದಳು ಲುವಾ. “ಇಷ್ಟು ಹೊತ್ತು ಬೆಂಕಿ ಕುಡಿದಿದೆ. ಇಳಿಸಿದ ತಕ್ಷಣ ತಣ್ಣಗಾಗು ಅಂದ್ರೆ ಆಗ್ತದಾ? ಹಂಗಂತ ಇಳಿಸ್ದೇ ಕೂತ್ರೆ ತಳ ಹತ್ತಿ ಕರಕಲಾಗ್ತದೆ. ಇಳಿಸ್ಬೇಕು, ಆಮೇಲೆ ಕಾಯ್ಬೇಕು. ಬೇರೆ ದಾರಿ ಇಲ್ಲ.”

ಅವನು ಮುಗುಳ್ನಕ್ಕ. ಯಾರೋ ಕೈಯಲ್ಲಿ ಏನೋ ಇಟ್ಟಂತಿತ್ತು ಆ ಮುಖ.

“ಏನು ನಗು?”

“ಏನಿಲ್ಲ,” ಎಂದ.

ನಾಳೆ ಅಂಗಡಿಯಲ್ಲಿ ಹುಯೆಯ ಜೊತೆ ಆಡುವ ಮಾತು ನೆನೆದು ನಗುತ್ತಿದ್ದಾನೆ ಎಂದುಕೊಂಡು, ಲುವಾ ಸಿಡುಕಿನಿಂದಲೇ ಬಡಿಸಿದ್ದಳು.

* * *

ಹುಯೆ ಮಾತಾಡಲು ಒಪ್ಪಲಿಲ್ಲ. “ನನ್ನ ಹತ್ರ ನಂದು ಅನ್ನೋ ಮಾತಿಲ್ಲ,” ಎಂದುಬಿಟ್ಟಳು. ದಾತ್ ತಾನೇ ಎರಡು ಮಾತು ತೊದಲಿ ಮುಗಿಸಿದ. ಡೋಲು ಬಡಿಯಿತು. ಪೆಟ್ಟಿಗೆಯನ್ನು ಮೆಟ್ಟಿಲಿಳಿಸಿ ದೋಣಿಯಲ್ಲಿಟ್ಟರು. ಮನೆತನದ ಸಮಾಧಿಗಳು ಕಾಲುವೆಯ ಮೇಲ್ಗಡೆ, ಉಪ್ಪು ನೀರು ಇನ್ನೂ ಮುಟ್ಟದ ದಿಬ್ಬದಲ್ಲಿದ್ದವು. ಪೆಟ್ಟಿಗೆಯ ದೋಣಿಗೆ ಬಿಳಿ ಪಟ್ಟಿಯವರು ಮಾತ್ರ ಹತ್ತಿದರು. ಹುಯೆ ದಡದಲ್ಲೇ ನಿಂತಳು.

“ಹತ್ತು,” ಎಂದಳು ಲುವಾ.

ದಾತ್ ಹುಬ್ಬು ಗಂಟಿಕ್ಕಿದ. ಲುವಾ ಅತ್ತ ನೋಡಲಿಲ್ಲ. ಪ್ರೀತಿ ಉಕ್ಕಿ ಕರೆದದ್ದಲ್ಲ. ಅವಳನ್ನು ದಡದಲ್ಲಿ ಬಿಟ್ಟರೆ ತನ್ನ ಕುರಿತು ಗಂಡ ಆಡಿದ್ದೆಲ್ಲ ಅವಳ ಜೊತೆಗೇ ಅಲ್ಲೇ ಉಳಿಯುತ್ತದೆ. ರಟ್ಟೆ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. “ಮೊದಲಿಂದ ಹೇಳು. ಒಂದೂ ಬಿಡಬೇಡ.”

ದೋಣಿ ಹೊರಟಿತು. ಹುಯೆ ಹೇಳತೊಡಗಿದಳು. ತುಂಬಿದ ಪಾತ್ರೆಗೆ ಒಂದು ಹನಿ ಸೇರಿಸದಿದ್ದರೂ ಕಾದರೆ ಉಕ್ಕುವ ಸಾರು, ಹಾಗೇ ಕಾದು ಉಬ್ಬುವ ಸಮುದ್ರ. “ಆ ಸಾರಿಗೆ ನೀರು ಸುರಿದಿದ್ದು ನೀವೇ ಅಂತ ನೀನು ಜಗಳ ಆಡಿದ್ಯಂತೆ.”

“ಅವರೇ ಸುರಿದಿದ್ದು.”

“ಇಲ್ಲವಂತೆ.”

“ಸುಳ್ಳು. ನಾನು ನೋಡಿದ್ದೀನಿ. ಮುಂದಕ್ಕೆ ಹೇಳು.”

ಹುಯೆ ಹೇಳಿದಳು. ಲುವಾ ತಿದ್ದಿದಳು, ಬೈದಳು, ಒಮ್ಮೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಆಮೇಲೆ ಅತ್ತಳು. ದಿಬ್ಬ ಕಾಣಿಸಿದಾಗ ಹುಯೆಯ ಬಳಿ ಇದ್ದದ್ದೆಲ್ಲ ಮುಗಿದಿತ್ತು.

“ಇನ್ನು ಆ ಕೊನೇದು, ಅಕ್ಕ,” ಎಂದಳು ಹುಯೆ. ದನಿ ಸಣ್ಣಗಾಗಿತ್ತು. “ನಾನು ಕೇಳಿದ್ದಕ್ಕೇ ಅವರು ಬಾಯಿ ತೆಗೆದಿದ್ದು. ಅರ್ಧಕ್ಕೇ ಹೋದ್ರು. ಆ ಸಂಜೆ ನೀನು ಏನು ಮಾಡಿದ್ದೆ? ಏನು ಹೇಳೋಕೆ ಹೊರಟಿದ್ರು, ಗೊತ್ತಾ ನಿಂಗೆ?”

“ಗೊತ್ತು,” ಎಂದಳು ಲುವಾ.

“ಹೇಳು.”

ಮುಂದೆ ಕೂತಿದ್ದ ದಾತ್ ತಿರುಗಿ ನೋಡಿದ. ಕ್ವೆನ್ ಅಳು ನಿಲ್ಲಿಸಿದಳು. ಹಿಂದೆ ದೋಣಿ ನಡೆಸುತ್ತಿದ್ದವನು ಕೂಡ ಎಂಜಿನ್ನಿನ ಸದ್ದು ತಗ್ಗಿಸಿ ಕಿವಿಗೊಟ್ಟ. ದೋಣಿ ತಾನಾಗಿಯೇ ತೇಲುತ್ತಿತ್ತು. ಹುಯೆ ಮುಖ ಮುಂದೆ ಚಾಚಿ, ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಲುವಾ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಗಂಡನ ಕಡೆ ತಿರುಗಿ, ಇದೊಂದನ್ನು ಹಂಚಲಾರೆ ಎಂಬಂತೆ ತುಟಿ ಬಿಗಿಹಿಡಿದು ಕೂತಿದ್ದಳು.