ಎಡಕೋಣೆಯವನು

ಹಾಗಾದರೆ ಯಾರೂ ಇರಲಿಲ್ಲ.

ಡಾಕ್ಟರಮ್ಮ ಸ್ಕ್ಯಾನಿನ ಪರದೆಯನ್ನು ಅವನತ್ತ ತಿರುಗಿಸಿದರು. ಹೆಂಡತಿಯ ಹೃದಯದ ಎಡ ಮೇಲುಕೋಣೆಯಲ್ಲಿ ಬೂದುಬಣ್ಣದ ಗಡ್ಡೆಯೊಂದು ಸಣ್ಣ ತೊಟ್ಟಿನಿಂದ ಜೋತುಬಿದ್ದಿತ್ತು. ಪ್ರತಿ ಬಡಿತಕ್ಕೂ ಕವಾಟದಾಚೆ ಇಣುಕಿ ಹಿಂದೆ ಸರಿಯುತ್ತಿತ್ತು.

“ಕ್ಯಾನ್ಸರ್ ಅಲ್ಲ. ಆದ್ರೆ ಚೂರುಗಳು ಕಿತ್ಕೊಂಡು ಮಿದುಳಿಗೆ ಹೋಗ್ತಿವೆ. ಅದಕ್ಕೇ ಕೈ ಸೋಲೋದು, ಮಾತು ತಪ್ಪೋದು, ಆ ನಗು.”

“ನಗೂನೂ?”

“ಅದೂ ಒಂಥರಾ ಫಿಟ್ಸೇ. ನಾಳೆ ಆಪರೇಷನ್. ಅಷ್ಟರೊಳಗೆ ಮತ್ತೆ ಬಂದ್ರೆ ತಕ್ಷಣ ಬೆಲ್ ಒತ್ತಿ. ತಡ ಆದ್ರೆ ಮಾತೇ ವಾಪಸ್ ಬರದೆ ಇರಬಹುದು.”

ಅವನು ತಲೆಯಾಡಿಸಿದ. ಸಮಾಧಾನವಾಗಬೇಕಿತ್ತು.

ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ಹೊಗೆಯಿದ್ದಲ್ಲಿ ಬೆಂಕಿ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು. ಮನೆಯಲ್ಲಿ ಮಾತ್ರ ಕಿಚ್ಚೆಲ್ಲ ಅವನ ಹೊಟ್ಟೆಯಲ್ಲೇ ಇತ್ತು. ತಿಂಗಳುಗಳಿಂದ ಅವಳು ಕೆಲಸದ ಮಧ್ಯೆ ತಟಕ್ಕನೆ ನಿಂತು, ಅವನ ಭುಜದಾಚೆ ನೋಡಿ, ಮುಖವರಳಿಸಿ “ಬಂದ್ಯಾ?” ಎನ್ನುತ್ತಿದ್ದಳು. ಗಂಡನಿಗೆ ಅವಳದು ಸದಾ ಬಹುವಚನ. ಈ ಏಕವಚನ ಯಾರಿಗೆ?

ಮೇಲಿನ ಮನೆಯ ಫೋಟೋಗ್ರಾಫರನ ಮೇಲೆ ಗುಮಾನಿ ಬಿದ್ದಿತ್ತು. ಮೆಟ್ಟಿಲಲ್ಲಿ ಆ ಬಡಪಾಯಿ ನಮಸ್ಕಾರ ಹೇಳಿದರೂ ಅದರಲ್ಲೊಂದು ಗುಟ್ಟು ಕಾಣುತ್ತಿತ್ತು. ಫೋಟೋಗ್ರಾಫರನಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಸಂಜೆ, ವಾರ್ಡಿನಲ್ಲಿ ಅವಳು ಕಿತ್ತಳೆ ಸುಲಿಯುತ್ತ ಕೇಳಿದಳು:

“ಏನಂದ್ರು?”

“ಕ್ಯಾನ್ಸರ್ ಅಲ್ಲ, ಸಾಧು ಗಡ್ಡೆಯಂತೆ. ನಾಳೆ ತೆಗೀತಾರೆ.”

“ಮತ್ಯಾಕೆ ನಿಮ್ಮ ಮುಖ ಹೀಗಿದೆ?”

“ನೀನು ಯಾರನ್ನ ನೋಡಿ ನಗ್ತೀಯ?”

“ಮತ್ತೆ ಶುರು ಮಾಡಿದ್ರಾ.” ತೊಳೆಯೊಂದರ ನಾರು ಬಿಡಿಸಿದಳು. “ಯಾರೂ ಕಾಣಲ್ಲ. ಹಿತವಾಗಿರುತ್ತೆ, ಅಷ್ಟೆ. ಬರಬೇಕಾದವರು ಬಂದ ಹಾಗೆ.”

ತಾನು ಬಾಗಿಲು ತೆಗೆದು ಒಳಬಂದಾಗ ಅವಳೆಂದಾದರೂ ಹಾಗೆ ನಕ್ಕಿದ್ದಳೇ? ಎಷ್ಟು ಕೆದಕಿದರೂ “ಹಾಲು ತಂದ್ರಾ?” ಎಂಬುದಷ್ಟೇ ನೆನಪಾಯಿತು.

ಕಿತ್ತಳೆ ಅವಳ ಕೈಯಿಂದ ಜಾರಿ ಉರುಳಿತು. ನೋಟ ಅವನ ಭುಜ ದಾಟಿ ಕಿಟಕಿಯಲ್ಲಿ ನೆಟ್ಟಿತು.

ಬೆಲ್ ಕೈಗೆಟುಕುವಷ್ಟು ಹತ್ತಿರವೇ ಇತ್ತು. ಅವನು ಒತ್ತಲಿಲ್ಲ. ಎದ್ದುಹೋಗಿ, ಅವಳ ನೋಟ ನೆಟ್ಟಿದ್ದ ಜಾಗದಲ್ಲೇ ನಿಂತ. ಕಾಲರ್ ಸರಿಮಾಡಿಕೊಂಡು ಕಾದ.

ಅವಳ ಕಣ್ಣು ಅವನ ಮೇಲೆ ಹಾದು, ನಿಲ್ಲದೆ, ಅವನು ಆಗಷ್ಟೇ ಬಿಟ್ಟುಬಂದ ಕುರ್ಚಿಯತ್ತ ಹೊರಳಿತು. ಮುಖ ಅರಳಿತು.

“ಬಂದ್ಯಾ?” ಎಂದಳು. “ಕೂತ್ಕೋ.”

ಕುರ್ಚಿಯ ಮೆತ್ತೆ, ಯಾರೋ ಕೂತಂತೆ, ತಗ್ಗಿಯೇ ಇತ್ತು.